ಆರು ಗಂಟು

ನಮ್ಮನೆ ಅಡುಗೆಮನೆಯ ಡ್ರಾಯರುಗಳ ಹಿಡಿಗಳಿಗೆಲ್ಲ ಕರಿ ರೇಷ್ಮೆ ದಾರದ ಜಡೆ ಇಳಿಬಿದ್ದಿದೆ. ಬಂದ ನೆಂಟರು ದೃಷ್ಟಿಗೆ ಕಟ್ಟಿದ್ದು ಅಂದುಕೊಳ್ಳುತ್ತಾರೆ. ಹೆಂಡತಿ ತಿದ್ದುವುದಿಲ್ಲ. ಗಂಡ ಎದೆ ಕೊಯ್ಯುವ ಡಾಕ್ಟರು, ಇನ್ನೂ ಗಂಟು ಹಾಕುವುದನ್ನೇ ಅಭ್ಯಾಸ ಮಾಡುತ್ತಿದ್ದಾನೆ ಎಂದರೆ ಯಾರು ಆಪರೇಷನ್ನಿಗೆ ಬರುತ್ತಾರೆ!

ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಮೂರು, ಎಂಸಿಎಚ್ ಮತ್ತೆ ಮೂರು. ಓದಿದ್ದು ಎಷ್ಟೋ ಮರೆತಿದೆ, ಬೆರಳು ಮರೆತಿಲ್ಲ. ಆಗೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ಮುಂದಿನ ಸೀಟಿನ ಸರಳಿಗೆ ದಾರ ಸುತ್ತಿ ಒಂಟಿ ಕೈಯಲ್ಲಿ ಗಂಟು ಹಾಕುತ್ತ ಕೂರುತ್ತಿದ್ದೆ. ದಾರವೂ ಸಿಲ್ಕೇ. "ಹೂ ಕಟ್ಟೋದು ಕಲೀತಿದ್ದೀಯೇನಪ್ಪ?" ಅಂದರು ಪಕ್ಕದ ಅಜ್ಜಿ. "ಹೂಂ ಅಜ್ಜಿ" ಅಂದೆ. ಪೂರ್ತಿ ಸುಳ್ಳಲ್ಲ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವಾಗ ಅಮ್ಮ, ಕುಣಿಕೆ ತೊಟ್ಟನ್ನು ಹಿಡಿಯಬೇಕು, ಕತ್ತರಿಸಬಾರದು ಅನ್ನುತ್ತಿದ್ದಳು. ರಕ್ತನಾಳಕ್ಕೂ ಅದೇ ಶಾಸ್ತ್ರ. ನಾಳ ಹೊಲಿಯುವುದನ್ನು ಜಗತ್ತಿಗೆ ಕಲಿಸಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್ ಸೂಜಿಯ ನಯ ಕಲಿತದ್ದು ಫ್ರಾನ್ಸಿನ ಲಿಯಾನ್ ಊರಿನ ಕಸೂತಿ ಹೆಂಗಸೊಬ್ಬಳ ಹತ್ತಿರ.

ರೇಷ್ಮೆಗೆ ತಾಳಿಯ ಹಾಗೆ ಮೂರು ಗಂಟು ಸಾಕು. ಪ್ರೋಲೀನ್ ದಾರ ಗಾಳದ ದಾರದ ಜಾತಿ, ನುಣುಪು. ನಂಬುವಂತಿಲ್ಲ, ನಾನು ಆರು ಹಾಕುತ್ತೇನೆ. ಒಂದೊಂದನ್ನೂ ತೋರುಬೆರಳ ತುದಿಯಿಂದ ಒತ್ತಿ ಕೆಳಗಿಳಿಸಿ ಕೂರಿಸುವಾಗ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದಲ್ಲ, ಅದಕ್ಕಾಗಿಯೇ ಈ ವೃತ್ತಿಯಲ್ಲಿದ್ದೇನೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಕಿನ್ನಿಗೋಳಿಯಲ್ಲಿ ಹುಟ್ಟಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ, 1989ರಲ್ಲಿ ಕೋಲ್ಕತ್ತಕ್ಕೆ ಬಂದ ಹೃದಯದ ಸರ್ಜನ್ ದೇವಿ ಶೆಟ್ಟರು 2001ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಗಳ ನಡುವೆ ನಾರಾಯಣ ಹೃದಯಾಲಯ ತೆರೆದರು. ಅದೇ ವರ್ಷ ವೈಟ್‌ಫೀಲ್ಡಿನಲ್ಲಿ ದುಡ್ಡೇ ತೆಗೆದುಕೊಳ್ಳದ ಸತ್ಯಸಾಯಿ ಆಸ್ಪತ್ರೆ ಬಂತು. ಅಂದಿನಿಂದ ಈ ಕಡೆ ಎದೆಯ ಸರ್ಜನ್ ಅಂದರೆ ಜನ ಹೃದಯವನ್ನೇ ಕೇಳುತ್ತಾರೆ. ನನ್ನದು ಪಕ್ಕದ ಮನೆ, ಶ್ವಾಸಕೋಶ. ಹೆಸರಿಲ್ಲ, ಕೆಲಸಕ್ಕೇನೂ ಬರವಿಲ್ಲ.

ಶ್ವಾಸಕೋಶದ ಕೆಟ್ಟ ಭಾಗ ತೆಗೆದು ಹೊಲಿದ ಮೇಲೆ ಎದೆಗೂಡಿಗೆ ಸಲೈನ್ ಸುರಿಯುತ್ತೇವೆ. ಅರಿವಳಿಕೆಯವರು ಗಾಳಿ ಊದುತ್ತಾರೆ. ಮುದುಡಿದ್ದು ಮೆಲ್ಲಗೆ ಅರಳುತ್ತದೆ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯೇ. ಪೀಣ್ಯದಲ್ಲಿ ಲೇತ್ ನಡೆಸುವ ರೋಗಿಯೊಬ್ಬರಿಗೆ ಇದನ್ನು ಹೇಳಿದಾಗ, "ನಾವು ವಾಲ್ವ್ ಟೆಸ್ಟ್ ಮಾಡೋದೂ ಹಿಂಗೇ ಸಾರ್" ಅಂದರು.

ಆಪರೇಷನ್ ಆಗಿ ನಾಲ್ಕನೇ ದಿನ ಅವರ ಮಂಚದ ಪಕ್ಕ ಕೂತೆ. ಕೆಳಗಿಟ್ಟ ಬಾಟಲಿಯಲ್ಲಿ, ಎದೆಯಿಂದ ಇಳಿದ ನಳಿಕೆಯೊಳಗಿನ ನೀರು ಅವರ ಉಸಿರಿನ ಜೊತೆ ಏರಿಳಿಯುತ್ತಿತ್ತು. "ಜೋರಾಗಿ ಕೆಮ್ಮಿ" ಅಂದೆ. ಕೆಮ್ಮಿದರು. ಇಬ್ಬರೂ ಬಗ್ಗಿ ನೋಡಿದೆವು. ಗುಳ್ಳೆ ಇಲ್ಲ.

ನಳಿಕೆ ಎಳೆದು ಆ ತೂತು ಕಟ್ಟಿದೆ. ರೇಷ್ಮೆ ದಾರ, ಮೂರೇ ಗಂಟು.