ಗೋಡೆಗೆ ಕಿವಿಯಿಟ್ಟು

ಹಳೇ ಗೋಡೆ ಕಂಡರೆ ಮೊದಲು ಬೆರಳಿನ ಗೆಣ್ಣಿನಿಂದ ತಟ್ಟುತ್ತೇನೆ. ಗಟ್ಟಿ ಗಾರೆ ‘ಟಕ್’ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ‘ಡಬ್ ಡಬ್’. ಚೇಳೂರು ಸಂತೆಯಲ್ಲಿ ಹಲಸಿನ ಹಣ್ಣು ತಟ್ಟಿ ಆರಿಸುವವರನ್ನು ನೋಡುತ್ತಾ ಬೆಳೆದವಳಿಗೆ ಈ ವಿದ್ಯೆ ಬೇಗ ಒಲಿಯಿತು.

ಗುಬ್ಬಿಯಲ್ಲಿ ನಾನು ದುರಸ್ತಿಗೆ ಹಿಡಿದ ಒಂದು ತೊಟ್ಟಿ ಮನೆಯ ಪಡಸಾಲೆಯಲ್ಲಿ ಸೊಂಟದೆತ್ತರದವರೆಗೂ ಗೋಡೆ ಉಪ್ಪು ಕಾರುತ್ತಿತ್ತು. ತೇವ ತಡೆಯಲೆಂದು ಯಾರೋ ಸಿಮೆಂಟು ಬಳಿದಿದ್ದರು. ಮಣ್ಣು, ಸುಣ್ಣದ ಗೋಡೆ ನೆಲದಿಂದ ಹೀರಿದ ನೀರನ್ನು ಗಾಳಿಗೆ ಬಿಟ್ಟು ಒಣಗುತ್ತದೆ. ಸಿಮೆಂಟು ಆ ದಾರಿ ಮುಚ್ಚಿದರೆ ನೀರು ಒಳಗೇ ಉಳಿದು ಇಟ್ಟಿಗೆಯನ್ನು ತಿನ್ನುತ್ತದೆ. ಆ ಸಿಮೆಂಟನ್ನು ಕೆತ್ತಿ ತೆಗೆದ ದಿನ ಇಡೀ ಮನೆ ಮಳೆ ಬಿದ್ದ ಮಣ್ಣಿನಂತೆ ಘಮ್ಮೆಂದಿತು.

ಆಗ ನನಗೆ ಕೈದಾಳ ನೆನಪಾಯಿತು. ತುಮಕೂರಿನಿಂದ ಗೂಳೂರು ದಾರಿಯಲ್ಲಿ ಹೋದರೆ ಸಿಗುವ, ಶಿಲ್ಪಿ ಜಕಣಾಚಾರಿಗೆ ಕಡಿದುಕೊಂಡ ಕೈ ಮರಳಿ ಬಂತೆಂದು ಹೇಳುವ ಊರು. ಅವನು ಕೆತ್ತಿದ ಬೇಲೂರಿನ ವಿಗ್ರಹಕ್ಕೆ ಗಂಧ ಹಚ್ಚಿದರೆ ಮೈಯೆಲ್ಲ ಒಣಗಿ ಹೊಕ್ಕುಳಲ್ಲಿ ಮಾತ್ರ ಹಸಿ ಉಳಿಯಿತಂತೆ, ಒಡೆದರೆ ಒಳಗೆ ನೀರು, ಕಪ್ಪೆ! ಚಿಕ್ಕವಳಾಗಿದ್ದಾಗ ಕಪ್ಪೆಗಾಗಿ ಆ ಕತೆ ಕೇಳುತ್ತಿದ್ದೆ. ಈಗ ಗಂಧಕ್ಕಾಗಿ. ಒಳಗಿನ ತೇವವನ್ನು ಹೊರಗಿನಿಂದ ಕಂಡುಹಿಡಿಯಲು ಅದಕ್ಕಿಂತ ಚೆಂದದ ಪರೀಕ್ಷೆ ನನಗೆ ಯಾವ ಪಠ್ಯದಲ್ಲೂ ಸಿಗಲಿಲ್ಲ.

ಕೆಲಸಕ್ಕೆ ಕುಣಿಗಲ್ ಕಡೆಯ ಗಾರೆ ತಾತ ಬಂದಿದ್ದರು. ಮೊದಲ ದಿನ “ಇಂಜಿನಿಯರ್ ಸಾಹೇಬರು ಯಾವಾಗ ಬರ್ತಾರವ್ವ?” ಎಂದು ನನ್ನನ್ನೇ ಕೇಳಿದರು. 1936ರಲ್ಲೇ ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಓದು ಮುಗಿಸಿ ವಾಸ್ತುಶಿಲ್ಪಿಯಾದ ಪೆರಿನ್ ಮಿಸ್ತ್ರಿ ಎಂಬ ಹೆಣ್ಣುಮಗಳ ಹೆಸರು ಹೇಳಿದೆ. “ಮೇಸ್ತ್ರಿ ಅಂತಲೇ ಹೆಸರಾ?” ತಾತನ ಮುಖ ಅರಳಿತು.

ಸುಣ್ಣ ನೆನೆಹಾಕಿದ್ದೆವು. ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು ಹುಳಿಹುಳಿ ನಾರುತ್ತಿತ್ತು, ನನಗಂತೂ ಪ್ರಿಯವಾದ ವಾಸನೆ.

“ತಾತ, ನಾಳೆ ಹಚ್ಚೋಣ್ವಾ?”

ಕರಣೆಯ ತುದಿಯಲ್ಲಿ ಸುಣ್ಣ ಎತ್ತಿ ತಿರುಗಿಸಿ ನೋಡಿದರು. ಬೆಣ್ಣೆಯಂತೆ ಅಂಟಿ ನಿಂತಿತು, ಆದರೆ ನಡುವೆ ಒಂದು ಸಣ್ಣ ಹರಳು.

“ಇನ್ನೂ ಹಣ್ಣಾಗಿಲ್ಲ ಕಣವ್ವ.”

ಕಾದೆವು. ಗಾರೆ ಮೆತ್ತಿದ ಮೇಲೂ ಕಾಯಬೇಕು. ಗೂಡಿನಲ್ಲಿ ಬೇಯುವಾಗ ಸುಣ್ಣದಕಲ್ಲು ಕಳೆದುಕೊಂಡ ಇಂಗಾಲಾಮ್ಲವನ್ನು ಸುಣ್ಣ ಗಾಳಿಯಿಂದ ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಅಲ್ಲಿಯವರೆಗೆ ದಿನಾ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಬಾಣಂತಿಯಂತೆ ನೋಡಿಕೊಳ್ಳಬೇಕು.

ಕೊನೆಯ ದಿನ, ಬಾಗಿಲ ಹಿಂದಿನ ಒಂದು ಮೊಳ ಜಾಗವನ್ನು ಬಿಟ್ಟು ತಾತ ಕರಣೆಯನ್ನು ನನ್ನ ಕೈಗಿಟ್ಟರು. ಉಜ್ಜಿ ಉಜ್ಜಿ ರಟ್ಟೆ ಸೋತಿತು. ತಾತ ಹತ್ತಿರ ಬಂದು, ಏನೂ ಹೇಳದೆ, ಗೆಣ್ಣಿನಿಂದ ಒಮ್ಮೆ ತಟ್ಟಿದರು.

ಟಕ್.