ಒಂದೇ ದಾರಿಯ ಕೋಟೆ ಗಡಾಯಿಕಲ್ಲು

ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಬರುವಾಗ ಬಲಗಡೆ ಸ್ವಲ್ಪ ಗಮನವಿಟ್ಟು ನೋಡಿ. ಕುದುರೆಮುಖದ ಬೆಟ್ಟಸಾಲಿನ ಮುಂದೆ ಒಂದೇ ಕಲ್ಲಿನ ದೊಡ್ಡ ಗುಡ್ಡ ಒಂಟಿಯಾಗಿ ನಿಂತಿರುತ್ತದೆ. ಅದೇ ಗಡಾಯಿಕಲ್ಲು. ಮುಂಡಾಜೆಯ ನಮ್ಮ ಮನೆಯವರಿಗೆ ಅದೊಂದು ಹವಾಮಾನ ಇಲಾಖೆ. "ಗಡಾಯಿಕಲ್ಲಿಗೆ ಮೋಡ ಮುಸುಕಿತು, ಅಂಗಳದ ಅಡಿಕೆ ಒಟ್ಟು ಮಾಡಿ" ಅಂತ ಅಜ್ಜ ಹೇಳಿದರೆ ಮಕ್ಕಳು ಮರಿ ಎಲ್ಲ ಅಂಗಳಕ್ಕೆ ಓಡುತ್ತಿದ್ದೆವು.

ಈ ಕಲ್ಲಿಗೆ ಹೆಸರು ಮೂರು. ಹಳೆಯದು ನರಸಿಂಹಗಡ, ಅದರ ಬುಡದ ಊರು ನರಸಿಂಹಂಗಡಿ. ಟಿಪ್ಪು ಸುಲ್ತಾನ್ 1794ರಲ್ಲಿ ಇಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಕರೆದ. ಅದು ಅವನ ತಾಯಿಯ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಗಡಾಯಿಕಲ್ಲು.

ಮಂಗಳೂರಿಗಾಗಿ ಬ್ರಿಟಿಷರ ಜೊತೆ ದೊಡ್ಡ ಯುದ್ಧವೇ ಆಗಿ, 1784ರ ಮಾರ್ಚ್‌ನಲ್ಲಿ ಒಪ್ಪಂದ ಆಗಿತ್ತು. ಕರಾವಳಿ ಕೈತಪ್ಪಬಾರದು ಎಂಬ ಚಿಂತೆ ಟಿಪ್ಪುವಿಗೆ ಇದ್ದೇ ಇತ್ತು. ಸುಮಾರು 1,700 ಅಡಿ ಎತ್ತರದ ಈ ಬಂಡೆ ಅಂಥ ರಾಜನಿಗೆ ಇಷ್ಟವಾದದ್ದು ಸಹಜ. ಎಲ್ಲ ಕಡೆ ಕಡಿದಾದ ಕಲ್ಲು, ಹತ್ತಲು ಇರುವುದು ಒಂದೇ ಕಿರಿದಾದ ದಾರಿ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 1,876 ಅಂತ ಲೆಕ್ಕ ಹೇಳುತ್ತಾರೆ.

ನನ್ನ ಕೆಲಸ ಸಾಫ್ಟ್‌ವೇರ್. ಕಾಯಬೇಕಾದ ಬಾಗಿಲು ಒಂದೇ ಇದ್ದರೆ ಕಾವಲು ಸುಲಭ ಅಂತ ನಾವೂ ಲೆಕ್ಕ ಹಾಕುತ್ತೇವೆ. ಆದರೆ ಆ ಬಾಗಿಲನ್ನು ಹೊರಗಿನವರು ಮುಚ್ಚಿಬಿಟ್ಟರೆ ಒಳಗಿದ್ದವರ ಗತಿ ಏನು? ಈ ಕೋಟೆಯಲ್ಲಿ ಹಾಗೇ ಆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದರ ಹಿಂದೆಯೇ ಜಮಾಲಾಬಾದ್ ಕೂಡ ಬ್ರಿಟಿಷರ ಪಾಲಾಯಿತು. ಸ್ವಲ್ಪ ಸಮಯದಲ್ಲೇ ತಿಮ್ಮ ನಾಯಕನ ಪಡೆ ಅದನ್ನು ವಶಪಡಿಸಿಕೊಂಡಿತು. ಬ್ರಿಟಿಷರು ಸುಮಾರು ಮೂರು ತಿಂಗಳು ಮುತ್ತಿಗೆ ಹಾಕಿ 1800ರಲ್ಲಿ ಮತ್ತೆ ಪಡೆದರು. ಕಟ್ಟಿದ ಆರೇ ವರ್ಷಗಳಲ್ಲಿ ಕೋಟೆ ಮೂರು ಸಲ ಕೈ ಬದಲಾಯಿಸಿತ್ತು! ಯಾರೂ ಹತ್ತಲಾಗದ ಕಲ್ಲು ಅಂತ ನಂಬಿದ್ದ ಕೋಟೆಯ ಕಥೆ ಇದು.

ಎರಡು ವರ್ಷದ ಹಿಂದೆ ಆಫೀಸಿನ ಕೆಲಸದ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಹೋಗಿದ್ದಾಗ ಆಮ್‌ಸ್ಟರ್‌ಡ್ಯಾಮ್ ಹತ್ತಿರದ ನಾರ್ಡೆನ್ ಎಂಬ ಕೋಟೆಯೂರು ನೋಡಿದೆ. ಅಲ್ಲಿ ಬೆಟ್ಟವೂ ಇಲ್ಲ, ಬಂಡೆಯೂ ಇಲ್ಲ. ಬರೀ ಮಣ್ಣಿನ ದಿಬ್ಬ, ಇಟ್ಟಿಗೆ ಗೋಡೆ, ಸುತ್ತ ಎರಡು ಸುತ್ತು ನೀರಿನ ಕಂದಕ. ಮೇಲಿಂದ ನೋಡಿದರೆ ಆರು ಮೂಲೆಯ ನಕ್ಷತ್ರ. ಆ ಊರು ಪಟ್ಟ ಪಾಡು ನಮ್ಮ ಗಡಾಯಿಕಲ್ಲಿಗಿಂತ ಘೋರ. 1572ರಲ್ಲಿ ಸ್ಪೇನಿನ ಸೈನಿಕರು ಊರಿನ ಜನರನ್ನೆಲ್ಲ ಹೆಚ್ಚುಕಮ್ಮಿ ಕೊಂದೇ ಹಾಕಿದರು. 1672ರಲ್ಲಿ ಫ್ರೆಂಚರು ಹಿಡಿದರು, ಮರುವರ್ಷ ಡಚ್ಚರು ಮರಳಿ ಪಡೆದರು. ಈಗ ಕಾಣುವ ನಕ್ಷತ್ರದ ಆಕಾರ ಆಮೇಲೆ ಕಟ್ಟಿದ್ದು. 1926ರಲ್ಲಿ ಅದು ಸೇನೆಯ ಕೋಟೆಯಾಗಿ ಉಳಿಯಲಿಲ್ಲ. ಆದರೆ ಊರಾಗಿ ಉಳಿಯಿತು. ಇವತ್ತಿಗೂ ಗೋಡೆಯ ಒಳಗೆ ಜನ ಸಂಸಾರ ಮಾಡುತ್ತಾರೆ, ಕಿಟಕಿಯಲ್ಲಿ ಹೂಕುಂಡ ಇಡುತ್ತಾರೆ, ಮಕ್ಕಳು ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾರೆ.

ನಮ್ಮ ಗಡಾಯಿಕಲ್ಲಿನ ನೆತ್ತಿಯಲ್ಲಿ ಈಗ ಉಳಿದಿರುವುದು ಮುರಿದ ಗೋಡೆ, ಮಳೆನೀರಿನ ಒಂದು ಕೆರೆ, ಒಂದು ಫಿರಂಗಿ, ಮತ್ತೆ ನಮ್ಮ ಕಾಲದ್ದೇ ಒಂದು ಪಾಳುಬಿದ್ದ ಮೈಕ್ರೋವೇವ್ ಕೇಂದ್ರ. ಅಂಗಡಿ ಅನ್ನುವ ಪದ ಊರಿನ ಹೆಸರಲ್ಲೇ ಇದ್ದ ಮೇಲೆ ಬುಡದಲ್ಲಿ ಒಂದು ಕಾಲದಲ್ಲಿ ವ್ಯಾಪಾರ ಇದ್ದಿರಲೇಬೇಕು ಅನ್ನಿಸುತ್ತದೆ. ನಾರ್ಡೆನ್‌ನಲ್ಲಿ ಗೋಡೆಯನ್ನು ಕಾಪಾಡಿದ್ದು ಅದರೊಳಗೆ ಬದುಕಿದ ಜನ. ಇಲ್ಲಿ ಕಲ್ಲು ಗಟ್ಟಿ, ಆದರೆ ಮೇಲೆ ವಾಸಕ್ಕೆ ಉಳಿದವರು ಯಾರೂ ಇಲ್ಲ.

ಇದನ್ನು ಯೋಚಿಸಿದಾಗ ನನಗೆ ಕೋಟೆಗಿಂತ ನಮ್ಮೂರಿನ ಮನೆಗಳೇ ಕಣ್ಣಮುಂದೆ ಬರುತ್ತವೆ. ಗಟ್ಟಿ ಕಂಬ, ದೊಡ್ಡ ಜಗುಲಿ, ಫಲ ಕೊಡುವ ತೋಟ ಎಲ್ಲ ಇದೆ. ಒಳಗೆ ಇರುವವರು ವಯಸ್ಸಾದ ಇಬ್ಬರು ಮಾತ್ರ. ಮಕ್ಕಳು ನನ್ನ ಹಾಗೆ ಬೆಂಗಳೂರಿನಲ್ಲಿ. ಹಬ್ಬಕ್ಕೆ ಬಂದು ಫೋಟೋ ತೆಗೆದು ಹೋಗುವ ನಾವೂ ಒಂದು ರೀತಿ ಪ್ರವಾಸಿಗರೇ ಅಲ್ಲವೇ? ಎಲ್ಲರೂ ಕೆಲಸ ಬಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ. ನನಗೂ ಅದು ಸದ್ಯಕ್ಕೆ ಆಗದ ಮಾತು. ಮನೆಯಿಂದ ಕೆಲಸ ಮಾಡಲು ಅವಕಾಶ ಇರುವುದರಿಂದ ತಿಂಗಳಿಗೆ ಒಂದು ವಾರ ಮುಂಡಾಜೆಯಲ್ಲಿ ಇರುವುದು ಅಂತ ತೀರ್ಮಾನಿಸಿದ್ದೇನೆ, ಅಷ್ಟೇ. ಅಮ್ಮ ಆಗಲೇ ಮಾಳಿಗೆ ಕೋಣೆ ಗುಡಿಸಿ ಇಟ್ಟಿದ್ದಾರೆ.

ಗಡಾಯಿಕಲ್ಲು ಹತ್ತಬೇಕು ಅನ್ನುವವರು ಬೆಳ್ತಂಗಡಿಯಿಂದ ಲಾಯಿಲ, ಮಂಜೊಟ್ಟಿ ದಾರಿಯಲ್ಲಿ ಹೋಗಿ. ಜಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ, ಹಾಗಾಗಿ ಪ್ರವೇಶ ಇದೆಯೋ ಇಲ್ಲವೋ ಮೊದಲೇ ವಿಚಾರಿಸಿ. ಬಿಸಿಲೇರುವ ಮೊದಲೇ ಹತ್ತಲು ಶುರು ಮಾಡಿ, ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ. ಖಾಲಿ ಬಾಟಲಿ ವಾಪಸ್ ತನ್ನಿ, ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಆ ಕಲ್ಲಿಗೆ ಈಗಾಗಲೇ ಮೂರು ಹೆಸರಿವೆ, ಸಾಕು.