ಅಂಕೆಗಳ ಹಾರ

ಸಂಖ್ಯೆಯೆಂದೊಡನೆ ಗೃಹಸ್ಥನಾದವನಿಗೆ ಬೆಲೆ, ಬಾಡಿಗೆ, ಬಡ್ಡಿಗಳೇ ನೆನಪಿಗೆ ಬರುವುದು ಸಹಜ. ಯಾವ ಲಾಭನಷ್ಟಕ್ಕೂ ಸೇರದೆ, ಕೇವಲ ತನ್ನ ಚೆಲುವಿನಿಂದಲೇ ಮನಸ್ಸನ್ನು ಸೆಳೆಯುವ ಸಂಖ್ಯೆಗಳೂ ಉಂಟು. ಅಂಥದೊಂದನ್ನು ವಾಚಕರ ಮುಂದಿರಿಸುತ್ತೇನೆ: ೧೨,೩೪,೫೬,೫೪,೩೨೧. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕ ಈ ಸಂಖ್ಯೆಯ ಅಂಕೆಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುವು.

ನಮ್ಮ ನಾಡಿಗೆ ಇದು ಹಳೆಯ ಪರಿಚಯ. ಕ್ರಿ.ಶ. ೮೫೦ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದರ ಗುಣಾಕಾರ ಪ್ರಕರಣದಲ್ಲಿ, ಗುಣಿಸಿದಾಗ ಕೊರಳ ಹಾರದಂತೆ ಸಮನಾಗಿ ಜೋಡಣೆಗೊಳ್ಳುವ ಫಲಗಳನ್ನು ಅವರು ಆಯ್ದಿಟ್ಟಿದ್ದಾರೆ. ೨,೭೯,೯೪,೬೮೧ನ್ನು ೪೪೧ರಿಂದ ಗುಣಿಸಿದರೆ ಬರುವ ಹಾರವೇ ಮೇಲಿನ ಸಂಖ್ಯೆ. ಶುಷ್ಕವಾದ ಗುಣಾಕಾರವನ್ನು ಕಲಿಸುವಾಗಲೂ ಶಿಷ್ಯನ ಸಂತೋಷವನ್ನು ಮರೆಯದ ಗುರುವಿನ ಮನಸ್ಸು ಇಲ್ಲಿ ಕಾಣುತ್ತದೆ.

ಹತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು, ಗಣಿತವು ತನಗೆ ಒಲಿಯದ ವಿದ್ಯೆಯೆಂದೂ ಮುಂದಿನ ವರ್ಷದಿಂದ ಅದನ್ನು ಬಿಟ್ಟೇಬಿಡುವೆನೆಂದೂ ಹೇಳುತ್ತಿದ್ದಳು. ಮನೆಯವರೂ ಹೂಂಗುಟ್ಟಿದ್ದರು. ಉಪದೇಶ ಮಾಡದೆ, ಈ ಗುಣಾಕಾರವನ್ನು ಅವಳ ಕೈಗೆ ಕೊಟ್ಟೆನು. ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಉತ್ತರ ಬಂದಿತು. “ಹೀಗೇಕೆ ಬಂತು, ತಾತ?” ಎಂದಳು. ಯಂತ್ರವು ಉತ್ತರವನ್ನು ಹೇಳಿತ್ತೇ ಹೊರತು ಕಾರಣವನ್ನು ಹೇಳಿರಲಿಲ್ಲ. ಕಾರಣಕ್ಕೆ ಕಾಗದ ಬೇಕಾಯಿತು.

೪೪೧ ಎಂಬುದು ೨೧ರ ವರ್ಗ. ಗುಣ್ಯವಾದ ಇನ್ನೊಂದು ೫,೨೯೧ರ ವರ್ಗ. ೨೧ನ್ನೂ ೫,೨೯೧ನ್ನೂ ಗುಣಿಸಿದರೆ ೧,೧೧,೧೧೧. ಆದಕಾರಣ ನಮ್ಮ ಹಾರವು ಆರು ಒಂದುಗಳ ವರ್ಗವೇ ಆಯಿತು. ೧೧೧೧೧೧ ಎಂಬುದನ್ನು, ಒಂದೊಂದು ಸಾಲಿಗೂ ಒಂದು ಸ್ಥಾನ ಎಡಕ್ಕೆ ಸರಿಸುತ್ತ, ಆರು ಸಾಲು ಬರೆದು ಕೂಡಿಸಿರಿ. ಬಲತುದಿಯ ಕಂಬಸಾಲಿನಲ್ಲಿ ಒಂದು ‘ಒಂದು’, ಅದರ ಪಕ್ಕದಲ್ಲಿ ಎರಡು, ಹೀಗೆ ನಡುವೆ ಆರಕ್ಕೇರಿ ಮತ್ತೆ ಇಳಿಯುವುದು. ಅಂಕೆಗಳ ಮೊತ್ತ ೩೬; ಆರು ಸಾಲುಗಳಲ್ಲಿ ಆರಾರು ಒಂದುಗಳಿರುವಾಗ ಬೇರೆ ಹೇಗಾದೀತು! ೧,೧೧,೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭ ಎಂಬ ಐದು. ವರ್ಗದಲ್ಲಿ ಇವು ಎರಡೆರಡು ಸಲ ಬರುವುದರಿಂದ ಹಾರವನ್ನು ನಿಶ್ಶೇಷವಾಗಿ ಭಾಗಿಸಬಲ್ಲ ಸಂಖ್ಯೆಗಳು ೨೪೩.

ಏಳು, ಎಂಟು, ಒಂಬತ್ತು ಒಂದುಗಳನ್ನು ಅವಳು ತಾನಾಗಿಯೇ ವರ್ಗಿಸಿದಳು, ಹಾರವು ಬೆಳೆಯಿತು. ಹತ್ತಕ್ಕೆ ಬಂದಾಗ ೧೨೩೪೫೬೭೯೦೦೯೮೭೬೫೪೩೨೧ ಎಂದಾಗಿ ಹರಿಯಿತು. ನಡುವಿನ ಕಂಬಸಾಲಿನಲ್ಲಿ ಹತ್ತು ಕೂಡಿ ದಶಕವು ಎಡಕ್ಕೆ ಹೋದುದೇ ಕಾರಣವೆಂದು ನನಗೆ ವಿವರಿಸಿದವಳು ಅವಳೇ.

ಅವಳು ಗಣಿತವನ್ನು ಮುಂದುವರಿಸುವಳೋ ಬಿಡುವಳೋ, ನಿರ್ಧಾರ ಅವಳದು. ಆದರೆ ಭಯದಿಂದ ಬಿಡುವುದು ಬೇರೆ, ಅರಿತು ಬಿಡುವುದು ಬೇರೆ. ಮನೆಯಲ್ಲಿ ಮಕ್ಕಳಿರುವ ವಾಚಕರು ಒಂದು ಸಂಜೆ ಆರು ಸಾಲು ಬರೆಯಿಸಿ ನೋಡಲಿ. ಅಂಕಗಳ ಪ್ರಶ್ನೆಯನ್ನು ಮಾತ್ರ ಆ ಹೊತ್ತು ಎತ್ತದಿರಲಿ.